ಮಗು ಆಗಲೇ ಹೇಳಿರುತ್ತದೆ

ಬೇಸಿಗೆ ರಜೆ, ಮಲೆನಾಡಿನ ಅಜ್ಜಿಮನೆ. ಉಪ್ಪರಿಗೆಯಲ್ಲಿ ಉದ್ದಕ್ಕೆ ಜಮಖಾನ ಹಾಸಿ ಮಕ್ಕಳನ್ನೆಲ್ಲ ಸಾಲಾಗಿ ಮಲಗಿಸುತ್ತಿದ್ದರು. ಒಂದು ರಾತ್ರಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಅಡುಗೆಮನೆಗೆ ಇಳಿದು ಬಂದು, ಅಮ್ಮನ ಸೆರಗು ಹಿಡಿದು, ‘ನಾನು ಮೇಲೆ ಮಲಗಲ್ಲ’ ಅಂದಳು. ಅಮ್ಮ ಮರುದಿನದ ದೋಸೆಗೆ ಹಿಟ್ಟು ರುಬ್ಬುತ್ತಿದ್ದರು. ‘ಯಾಕೆ, ಸೊಳ್ಳೆಯಾ?’ ‘ಅಲ್ಲ, ಮೇಲೆ ಚೆನ್ನಾಗಿಲ್ಲ.’ ‘ಎಲ್ಲ ಮಕ್ಕಳೂ ಮಲಗಿಲ್ವಾ, ನಿನಗೊಬ್ಬಳಿಗೇನು ಬಂತು? ಹಠ ಮಾಡಬೇಡ, ಹೋಗು.’ ಹುಡುಗಿ ಸ್ವಲ್ಪ ಹೊತ್ತು ರುಬ್ಬುಗುಂಡು ತಿರುಗುವುದನ್ನು ನೋಡುತ್ತ ನಿಂತಳು. ಆಮೇಲೆ ಮೆಟ್ಟಿಲು ಹತ್ತಿ ಹೋದಳು.

ಆ ಹುಡುಗಿ ನನ್ನ ಗೆಳತಿ. ಅವಳಿಗೀಗ ಐವತ್ತು ಹತ್ತಿರ ಬಂತು. ಅಷ್ಟು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತನ್ನು ಹೋದ ಮಳೆಗಾಲದ ಒಂದು ಸಂಜೆ ನನ್ನೆದುರು ಆಡಿದಳು. ಮಕ್ಕಳ ಸಾಲಿನ ತುದಿಯಲ್ಲಿ ಮಲಗುತ್ತಿದ್ದ ಒಬ್ಬ ಬಂಧುವಿನ ವಿಷಯ ಅದು. ಕಥೆ ಹೇಳಿ ಮಕ್ಕಳನ್ನು ನಗಿಸುತ್ತಿದ್ದ, ಮನೆಯ ಹಿರಿಯರೆಲ್ಲ ‘ಮಕ್ಕಳೆಂದರೆ ಪ್ರಾಣ ಅವನಿಗೆ’ ಎಂದು ಕೊಂಡಾಡುತ್ತಿದ್ದ ಮನುಷ್ಯ. ಎಲ್ಲರೂ ಕೇಳುವ ಪ್ರಶ್ನೆಯನ್ನೇ ನಾನೂ ಕೇಳಿಬಿಟ್ಟೆ: ‘ಆಗ ಯಾರಿಗೂ ಹೇಳಲಿಲ್ವಾ?’ ಅವಳು ನನ್ನ ಮುಖ ನೋಡಿ, ‘ಹೇಳಿದೆನಲ್ಲ, ಮೇಲೆ ಮಲಗಲ್ಲ ಅಂತ’ ಅಂದಳು. ಅವಳ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಆ ಉತ್ತರ ನನ್ನನ್ನು ಬಿಟ್ಟು ಹೋಗಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿ ಬಂದಾಗಲೆಲ್ಲ ‘ಇಷ್ಟು ದಿನ ಆ ಮಗು ಯಾಕೆ ಬಾಯಿ ಬಿಡಲಿಲ್ಲ’ ಎನ್ನುತ್ತೇವೆ. ಎಷ್ಟೋ ಮಕ್ಕಳು ಬಾಯಿ ಬಿಟ್ಟಿರುತ್ತಾರೆ. ತಮಗೆ ಬರುವ ಮಾತಿನಲ್ಲಿ, ತಮಗೆ ಸಿಕ್ಕ ಹೊತ್ತಿನಲ್ಲಿ ಹೇಳಿರುತ್ತಾರೆ. ‘ಟ್ಯೂಷನ್‌ಗೆ ಹೋಗಲ್ಲ.’ ‘ಆ ವ್ಯಾನ್ ಬೇಡ.’ ‘ಅಂಕಲ್ ಬಂದ್ರೆ ನಾನು ರೂಮಿಂದ ಬರಲ್ಲ.’ ‘ಹೊಟ್ಟೆ ನೋವು.’ ನಮಗೆ ಅದು ಹಠವಾಗಿಯೋ ಸೋಮಾರಿತನವಾಗಿಯೋ ಕೇಳಿಸಿರುತ್ತದೆ. ಮಕ್ಕಳನ್ನು ಕಾಪಾಡಲು ತಂದೆತಾಯಿ ಏನು ಮಾಡಬೇಕು ಎಂದು ಯಾರಾದರೂ ಕೇಳಿದರೆ, ಮಗುವಿಗೆ ಏನು ಕಲಿಸಬೇಕು ಎನ್ನುವುದಕ್ಕಿಂತ ಮೊದಲು ನಮ್ಮ ಕಿವಿಯ ಬಗ್ಗೆ ಮಾತಾಡಬೇಕು ಅನ್ನಿಸುತ್ತದೆ.

ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ ಒಂದು ವರದಿ ಪ್ರಕಟಿಸಿತು. 13 ರಾಜ್ಯಗಳ 12,447 ಮಕ್ಕಳನ್ನು ಮಾತಾಡಿಸಿ ಸಿದ್ಧಪಡಿಸಿದ ವರದಿ ಅದು. ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯ ತಮ್ಮ ಮೇಲೆ ನಡೆದಿದೆ ಎಂದು ಹೇಳಿದ್ದರು. ಹಾಗೆ ಹೇಳಿದವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚೇ ಗಂಡುಮಕ್ಕಳು. ಇದನ್ನು ಓದಿದ ಮೇಲೂ ‘ನಮಗಿರುವುದು ಗಂಡುಮಗು, ನಮಗೇನು ಚಿಂತೆ’ ಎನ್ನುವವರನ್ನು ಕಂಡರೆ ಸಂಕಟವಾಗುತ್ತದೆ. ಗಂಡುಹುಡುಗ ಹೇಳಿಕೊಂಡರೆ ಕೇಳಿ ನಗುವವರೇ ಹೆಚ್ಚು. ಅವನ ಬಾಯಿಗೆ ಬೀಗ ಹಾಕುವುದು ಆ ನಗು. ಹೆಚ್ಚಿನ ಮಕ್ಕಳು ಯಾರಿಗೂ ತಿಳಿಸಿರಲಿಲ್ಲ ಎಂದೂ ಅದೇ ವರದಿ ಹೇಳುತ್ತದೆ. ನನ್ನ ಗೆಳತಿಯನ್ನು ಕೇಳಿದ್ದರೆ ಅವಳನ್ನೂ ಆ ಲೆಕ್ಕಕ್ಕೇ ಸೇರಿಸುತ್ತಿದ್ದರೇನೋ.

ಇನ್ನು, ದೌರ್ಜನ್ಯ ಮಾಡುವವರು ಯಾರು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ಈಚಿನ ವರ್ಷಗಳ ಅಂಕಿಅಂಶಗಳನ್ನು ತೆಗೆದು ನೋಡಿ, ಮಕ್ಕಳ ಮೇಲಿನ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನ ಕಡೆ ಆರೋಪಿ ಮಗುವಿಗೆ ಗೊತ್ತಿದ್ದವನೇ. ಮನೆಯವನು, ನೆಂಟ, ನೆರೆಯವನು, ಪಾಠ ಹೇಳುವವನು, ಕುಟುಂಬದ ಸ್ನೇಹಿತ. ನಾವಾದರೋ ಮಕ್ಕಳಿಗೆ ಹೇಳಿಕೊಡುವುದು ಗೋಣಿಚೀಲ ಹೊತ್ತ ಗುಮ್ಮನ ಕಥೆ. ‘ಗುರುತಿಲ್ಲದವರು ಚಾಕೊಲೆಟ್ ಕೊಟ್ಟರೆ ತಗೋಬೇಡ.’ ಆ ಎಚ್ಚರಿಕೆ ತಪ್ಪೇನಲ್ಲ. ಆದರೆ ಚಾಕೊಲೆಟ್ ಕೊಡುವವನ ಗುರುತು ಅಪ್ಪ ಅಮ್ಮನಿಗೂ ಇರುತ್ತದೆ, ಎಷ್ಟೋ ಸಲ ‘ತಗೋ ಪುಟ್ಟಿ, ಮಾಮ ಪ್ರೀತಿಯಿಂದ ಕೊಡ್ತಿದ್ದಾರೆ’ ಎಂದು ಕೈ ಚಾಚಿಸುವವರೇ ನಾವಾಗಿರುತ್ತೇವೆ.

ಇಂಥವರು ಹೇಗೆ ಹತ್ತಿರವಾಗುತ್ತಾರೆ ಎನ್ನುವುದು ಎಲ್ಲ ತಂದೆತಾಯಿಗೂ ಗೊತ್ತಿರಬೇಕು. ಅವರು ಮೊದಲು ಗೆಲ್ಲುವುದು ಮಗುವನ್ನಲ್ಲ, ದೊಡ್ಡವರನ್ನು. ಮನೆಗೆ ಗ್ಯಾಸ್ ಸಿಲಿಂಡರ್ ತಂದುಕೊಡುತ್ತಾರೆ, ಆಸ್ಪತ್ರೆಗೆ ಗಾಡಿ ತರುತ್ತಾರೆ, ‘ಅಕ್ಕಾ, ನೀವು ಆರಾಮಾಗಿ ಹೋಗಿಬನ್ನಿ, ಮಗೂನ ನಾನು ನೋಡ್ಕೋತೀನಿ’ ಎನ್ನುತ್ತಾರೆ. ಕೆಲಸಕ್ಕೆ ಹೋಗುವ, ನೋಡಿಕೊಳ್ಳುವವರಿಲ್ಲದ ತಾಯಿಗೆ ಅಂಥ ಮಾತು ದೇವರ ಮಾತಿನ ಹಾಗೆ ಕೇಳಿಸುತ್ತದೆ. ಆಮೇಲೆ ಮಗುವಿಗೆ ಸಣ್ಣಪುಟ್ಟ ಉಡುಗೊರೆ, ಬೇರೆ ಮಕ್ಕಳಿಗಿಲ್ಲದ ಸಲಿಗೆ. ಆಮೇಲೆ ಒಂದು ಪುಟ್ಟ ಗುಟ್ಟು: ‘ಐಸ್‌ಕ್ರೀಮ್ ತಿಂದಿದ್ದು ಅಮ್ಮನಿಗೆ ಹೇಳಬೇಡ, ಬೈತಾರೆ.’ ಆ ಗುಟ್ಟನ್ನು ಮಗು ಉಳಿಸಿಕೊಂಡಿತು ಅಂದರೆ ಇನ್ನೊಂದನ್ನೂ ಉಳಿಸಿಕೊಳ್ಳುತ್ತದೆ ಎಂಬುದು ಅವನ ಲೆಕ್ಕ. ಕಚಗುಳಿ, ಕುಸ್ತಿಯಾಟ, ಆಟದ ನಡುವೆ ಕೈತಪ್ಪಿ ತಗುಲಿದಂತೆ ಒಂದು ಸ್ಪರ್ಶ. ಮಗು ಕೂಗಿಕೊಂಡರೆ ‘ಅಯ್ಯೋ, ಸಾರಿ’ ಎಂದು ನಕ್ಕು ಹಿಂದೆ ಸರಿಯಬಹುದು. ಕೂಗದೆ ಗಲಿಬಿಲಿಗೊಂಡು ಸುಮ್ಮನಾದರೆ ಮುಂದುವರಿಯಬಹುದು. ಕೊನೆಗೆ, ‘ಇದರಲ್ಲಿ ನಿನ್ನದೂ ತಪ್ಪಿದೆ. ಹೇಳಿದರೆ ನಿನ್ನನ್ನೇ ಹೊಡೆಯುತ್ತಾರೆ’ ಎಂಬ ಬೆದರಿಕೆ. ಇದು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುವ ಸಂಗತಿ. ಸಹಾಯ ಮಾಡುವವರನ್ನೆಲ್ಲ ಸಂಶಯದಿಂದ ನೋಡಬೇಕೆಂದು ನಾನು ಹೇಳುತ್ತಿಲ್ಲ. ಹಾಗೆ ಬದುಕಲು ಆಗುವುದಿಲ್ಲ. ಆದರೆ ಮಗುವಿನ ಜೊತೆ ಒಂಟಿಯಾಗಿರಲು ಯಾರಾದರೂ ಪದೇಪದೇ ಕಾರಣ ಹುಡುಕುತ್ತಿದ್ದರೆ, ನಮಗೆ ಹೇಳದೆ ಮಗುವಿಗೆ ಏನಾದರೂ ಕೊಡುತ್ತಿದ್ದರೆ, ‘ನಮ್ಮಿಬ್ಬರ ಗುಟ್ಟು’ ಎನ್ನುತ್ತಿದ್ದರೆ, ಅಲ್ಲಿಗೆ ನಿಲ್ಲಿಸುವ ಹಕ್ಕು ನಮಗಿದೆ. ಅವರಿಗೆ ಬೇಸರವಾದರೆ ಆಗಲಿ.

ಗುಟ್ಟಿನ ಮಾತು ಬಂದಿದ್ದರಿಂದ ಒಂದು ಮಾತು. ಅಪ್ಪನ ಹುಟ್ಟುಹಬ್ಬಕ್ಕೆ ತಂದ ಅಂಗಿಯನ್ನು ಅಡಗಿಸಿಡುವುದು ಗುಟ್ಟಲ್ಲ, ಅದೊಂದು ಸಂಭ್ರಮ, ನಾಳೆ ಎಲ್ಲರಿಗೂ ಗೊತ್ತಾಗುವಂಥದ್ದು. ಅಮ್ಮನಿಗೆ ಎಂದೆಂದಿಗೂ ಹೇಳಬಾರದು ಎಂದು ದೊಡ್ಡವರು ಹೇಳುವ ಗುಟ್ಟು ಬೇರೆ. ಈ ವ್ಯತ್ಯಾಸವನ್ನು ಐದು ವರ್ಷದ ಮಗು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತದೆ. ನಮ್ಮ ಮನೆಯಲ್ಲಿ ಅಂಥ ಗುಟ್ಟು ಇಲ್ಲ ಎಂದು ನೆಂಟರೆದುರೇ ಒಮ್ಮೆ ಹೇಳಿಬಿಟ್ಟರೆ ಇನ್ನೂ ಒಳ್ಳೆಯದು. ಕೇಳಬೇಕಾದವರಿಗೂ ಕೇಳಿಸುತ್ತದೆ.

ಈಗ ಮಾತಿನ ವಿಷಯ. ಮಗು ಹೇಳಬೇಕಾದರೆ ಅದಕ್ಕೆ ಪದ ಬೇಕು. ಕಣ್ಣು, ಮೂಗು, ಮಂಡಿ, ಮೊಣಕೈ ಎಲ್ಲಕ್ಕೂ ಹಾಡು ಕಟ್ಟಿ ಕಲಿಸುವ ನಾವು ಹೊಕ್ಕುಳಿನ ಕೆಳಗೆ ಬಂದ ತಕ್ಷಣ ‘ಛೀ’, ‘ಶೇಮ್ ಶೇಮ್’ ಎಂದು ಮುಗಿಸುತ್ತೇವೆ. ಕನ್ನಡದಲ್ಲಿ ಈ ತೊಡಕು ವಿಚಿತ್ರವಾದದ್ದು. ಶಿಶ್ನ, ಯೋನಿ ಎನ್ನುವವು ಪಠ್ಯಪುಸ್ತಕದ ಪದಗಳು, ಅಮ್ಮಂದಿರ ನಾಲಿಗೆಗೆ ಹತ್ತುವುದಿಲ್ಲ. ಆಡುಮಾತಿನ ಪದಗಳನ್ನೋ ಬೀದಿಯವರು ಬೈಗುಳ ಮಾಡಿಕೊಂಡಿದ್ದಾರೆ. ಎರಡರ ನಡುವೆ ಮಗುವಿಗೆ ಉಳಿಯುವುದು ನಾಚಿಕೆಯೊಂದೇ. ‘ಅಲ್ಲಿ ಮುಟ್ಟಿದ್ರು’ ಎಂದು ಮಗು ಹೇಳಿದರೆ ‘ಅಲ್ಲಿ’ ಎಂದರೆ ಎಲ್ಲಿ? ಆಸ್ಪತ್ರೆಯಲ್ಲಿ, ಠಾಣೆಯಲ್ಲಿ, ನ್ಯಾಯಾಲಯದಲ್ಲಿ ಎಲ್ಲರೂ ಅದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಪುಸ್ತಕದ ಪದ ಹೇಳಿಕೊಡಲು ಆಗುವವರು ಧೈರ್ಯವಾಗಿ ಹೇಳಿಕೊಡಲಿ, ಎರಡು ದಿನದಲ್ಲಿ ಅದೂ ಮೂಗು, ಕಿವಿಯಷ್ಟೇ ಸಲೀಸಾಗುತ್ತದೆ. ಆಗದಿದ್ದರೆ ‘ಉಚ್ಚೆ ಮಾಡುವ ಜಾಗ’ ಎಂದು ನೇರವಾಗಿ ಹೇಳಿದರೂ ಸಾಕು. ನಾಚಿಕೆ ಬೆರೆಸದೆ, ಹಲ್ಲುಜ್ಜುವುದನ್ನು ಹೇಳಿಕೊಟ್ಟಷ್ಟೇ ಸಹಜವಾಗಿ ಹೇಳುವುದು ಮುಖ್ಯ. ಮೂರು ವರ್ಷಕ್ಕೆ, ಸ್ನಾನ ಮಾಡಿಸುವಾಗ ಶುರು ಮಾಡಬಹುದು.

ಶಾಲೆಯೊಂದರ ಪೋಷಕರ ಸಭೆಯಲ್ಲಿ ನಾನು ಈ ಮಾತು ಹೇಳಿದಾಗ ತಾಯಿಯೊಬ್ಬರು ಎದ್ದು ನಿಂತು, ‘ಈಗಲೇ ಇದನ್ನೆಲ್ಲ ಹೇಳಿದ್ರೆ ಮಗು ಕೆಡಲ್ವಾ ಮೇಡಂ?’ ಎಂದು ಕೇಳಿದರು. ಕಳಕಳಿಯಿಂದಲೇ ಕೇಳಿದ್ದರು. ರಸ್ತೆ ದಾಟುವಾಗ ಎರಡೂ ಕಡೆ ನೋಡು ಎಂದು ಕಲಿಸಿದರೆ ಮಗು ರಸ್ತೆಗೆ ಓಡುವುದಿಲ್ಲ ತಾನೆ ಎಂದೆ. ಹಿಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು, ‘ನಮ್ಮ ಕಾಲದಲ್ಲಿ ಯಾರೂ ಹೇಳಿಕೊಡಲಿಲ್ಲ. ಹೇಳಿಕೊಡಬೇಕಿತ್ತು’ ಎಂದಷ್ಟೇ ಹೇಳಿ ಕಣ್ಣು ಕೆಳಗಿಳಿಸಿದರು. ಸಭೆಯಲ್ಲಿ ಆಮೇಲೆ ಯಾರೂ ಆ ಪ್ರಶ್ನೆ ಕೇಳಲಿಲ್ಲ.

‘ಒಳ್ಳೆಯ ಸ್ಪರ್ಶ, ಕೆಟ್ಟ ಸ್ಪರ್ಶ’ ಎಂಬ ಪಾಠ ಈಗ ಬಹಳ ಶಾಲೆಗಳಲ್ಲಿ ನಡೆಯುತ್ತದೆ. ನಡೆಯಲಿ. ಆದರೆ ಅದರಲ್ಲಿ ಒಂದು ಕೊರತೆಯಿದೆ. ಚುಚ್ಚುಮದ್ದು ನೋವು ಕೊಡುತ್ತದೆ, ಅದು ಕೆಟ್ಟದ್ದಲ್ಲ. ದುರುದ್ದೇಶದ ಸ್ಪರ್ಶ ಎಷ್ಟೋ ಸಲ ಮುದ್ದಿನ ರೂಪದಲ್ಲೇ ಬರುತ್ತದೆ, ನೋವು ಕೊಡುವುದಿಲ್ಲ. ‘ನನಗೆ ನೋವಾಗಲಿಲ್ಲವಲ್ಲ, ಹಾಗಾದರೆ ಕೆಟ್ಟದ್ದಲ್ಲ’ ಎಂದೋ, ‘ನಾನೂ ಸುಮ್ಮನಿದ್ದೆ, ಹಾಗಾದರೆ ನಾನೇ ಕೆಟ್ಟವಳು’ ಎಂದೋ ಮಗು ತೀರ್ಮಾನಿಸುವ ಅಪಾಯವಿದೆ. ಅದಕ್ಕೇ ಈ ಕ್ಷೇತ್ರದಲ್ಲಿ ಕೆಲಸ ಮಾಡುವವರು ‘ಸುರಕ್ಷಿತ, ಅಸುರಕ್ಷಿತ’ ಎಂಬ ಮಾತು ಬಳಸುತ್ತಾರೆ. ಮಗುವಿನ ಅನಿಸಿಕೆಗೆ ಬಿಡದೆ ಒಂದು ನಿಯಮವನ್ನೇ ಕೊಡುತ್ತಾರೆ: ಒಳಉಡುಪು ಮುಚ್ಚುವ ಜಾಗ ನಿನ್ನ ಖಾಸಗಿ ಜಾಗ. ಶುಚಿ ಮಾಡಲು ಅಮ್ಮನೋ ಅಪ್ಪನೋ ಅಜ್ಜಿಯೋ, ಕಾಯಿಲೆಯಾದಾಗ ನಮ್ಮೆದುರು ಡಾಕ್ಟರೋ ಬಿಟ್ಟರೆ ಬೇರೆ ಯಾರೂ ಅದನ್ನು ನೋಡುವಂತಿಲ್ಲ, ಮುಟ್ಟುವಂತಿಲ್ಲ, ತಮ್ಮದನ್ನು ನಿನಗೆ ತೋರಿಸುವಂತಿಲ್ಲ, ಫೋಟೊ ತೆಗೆಯುವಂತಿಲ್ಲ. ಯಾರೇ ಈ ನಿಯಮ ಮುರಿದರೂ ನಮಗೆ ಹೇಳು. ನಮ್ಮ ಮನೆಯವರೇ ಆದರೂ ಹೇಳು. ಕೊನೆಯ ಆ ವಾಕ್ಯ ಹೇಳಲು ನಾಲಿಗೆ ತಡವರಿಸುತ್ತದೆ. ಬಿಡಬಾರದ ವಾಕ್ಯ ಅದೇ.

ನಿಯಮ ಹೇಳಿಕೊಟ್ಟು, ಮರುದಿನ ನಾವೇ ಅದರ ಬೇರು ಕತ್ತರಿಸುತ್ತೇವೆ. ಗೃಹಪ್ರವೇಶಗಳಲ್ಲಿ, ನಾಮಕರಣಗಳಲ್ಲಿ ನೀವೂ ನೋಡಿರುತ್ತೀರಿ. ಒಮ್ಮೆ ನನ್ನೆದುರು ನಡೆದದ್ದು: ನಾಲ್ಕು ವರ್ಷದ ಮಗು, ರೇಷ್ಮೆ ಲಂಗ, ತಲೆತುಂಬ ಕನಕಾಂಬರ. ದೂರದ ಬಂಧುವೊಬ್ಬರು ‘ಬಾ ಇಲ್ಲಿ, ಒಂದು ಮುತ್ತು ಕೊಡು’ ಎಂದು ತೋಳು ಚಾಚಿದರು. ಮಗು ಅಮ್ಮನ ಸೀರೆಯ ನೆರಿಗೆಗೆ ಮುಖ ಒತ್ತಿತು. ಸುತ್ತ ಇದ್ದವರೆಲ್ಲ ನಕ್ಕರು. ‘ಅಯ್ಯೋ, ಎಷ್ಟು ನಾಚಿಕೆ, ಹೋಗು ಪುಟ್ಟಿ, ಅವರು ಬೇಜಾರು ಮಾಡ್ಕೋತಾರೆ’ ಎಂದು ಅಮ್ಮ ಬೆನ್ನಿಗೆ ಕೈಯಿಟ್ಟು ಮುಂದಕ್ಕೆ ದಬ್ಬಿದರು. ಅವರ ತೊಡೆಯ ಮೇಲೆ ಕುಳಿತ ಆ ಮಗುವಿನ ಮೈ ಕಟ್ಟಿಗೆಯಂತೆ ಸೆಟೆದುಕೊಂಡಿತ್ತು. ಮುಷ್ಟಿಯೊಳಗೆ ಹೆಬ್ಬೆರಳು ಅಡಗಿತ್ತು. ಆ ಮನುಷ್ಯ ಕೆಟ್ಟವರಲ್ಲವೇ ಅಲ್ಲ, ಪ್ರೀತಿಯಿಂದಲೇ ಕರೆದಿದ್ದರು. ಆದರೂ ಆ ಐದು ನಿಮಿಷದಲ್ಲಿ ಮಗು ಕಲಿತದ್ದೇನು? ನನಗೆ ಬೇಡವಾದರೂ ದೊಡ್ಡವರು ಕರೆದರೆ ಹೋಗಬೇಕು. ನಾನು ಬೇಡ ಎಂದರೆ ಎಲ್ಲರೂ ನಗುತ್ತಾರೆ. ಅಮ್ಮ ಅವರ ಕಡೆ. ಇದನ್ನೇ ಇನ್ನೊಬ್ಬ ಇನ್ನೊಂದು ಹೊತ್ತಿನಲ್ಲಿ ಬಳಸಿಕೊಂಡರೆ?

‘ದೊಡ್ಡವರ ಮಾತು ಮೀರಬಾರದು’ ಎಂಬುದು ನಮ್ಮ ಮನೆಗಳ ಸಂಸ್ಕಾರ. ಹಿರಿಯರಿಗೆ ಗೌರವ ಕೊಡುವುದನ್ನು ನಾನೂ ನನ್ನ ಮಕ್ಕಳಿಗೆ ಕಲಿಸಿದ್ದೇನೆ. ಅದಕ್ಕೆ ಕೈಮುಗಿದು ‘ನಮಸ್ಕಾರ’ ಎಂದರೆ ಸಾಲದೆ? ಮುತ್ತು, ಅಪ್ಪುಗೆ ಮಗುವಿಗೆ ಮನಸ್ಸಿದ್ದರೆ ಮಾತ್ರ. ‘ಅವಳಿಗೆ ಈಗ ಬೇಡವಂತೆ, ಆಮೇಲೆ ಬರ್ತಾಳೆ ಬಿಡಿ’ ಎಂದು ತಾಯಿ ನಗುತ್ತಲೇ ಹೇಳಿದರೆ ಯಾವ ನೆಂಟಸ್ತಿಕೆಯೂ ಮುರಿಯುವುದಿಲ್ಲ. ಕಚಗುಳಿ ಇಡುವಾಗ ಮಗು ‘ಸಾಕು’ ಎಂದ ಕೂಡಲೇ ಅಪ್ಪ ಕೈ ತೆಗೆಯಬೇಕು. ‘ಸಾಕು’ ಎಂದರೆ ಕೈ ನಿಲ್ಲುತ್ತದೆ ಎಂದು ಮನೆಯಲ್ಲಿ ಕಂಡ ಮಗುವಿಗೆ, ಹೊರಗೆ ಕೈ ನಿಲ್ಲದಿದ್ದಾಗ ಏನೋ ಸರಿಯಿಲ್ಲ ಎಂದು ತಿಳಿಯುತ್ತದೆ.

ಅಪ್ಪಂದಿರಿಗೆ ಒಂದು ಮಾತು. ಇಂಥ ಸುದ್ದಿ ಟಿವಿಯಲ್ಲಿ ಬಂದಾಗ ‘ನನ್ನ ಮಗಳನ್ನು ಯಾರಾದರೂ ಮುಟ್ಟಿದರೆ ಕಡಿದು ಹಾಕ್ತೀನಿ’ ಎಂದು ಅನೇಕ ಅಪ್ಪಂದಿರು ಮಕ್ಕಳೆದುರೇ ಹೇಳುತ್ತಾರೆ. ಉಕ್ಕಿ ಬರುವ ಪ್ರೀತಿಯ ಮಾತು ಅದು. ಮಗುವಿನ ಕಿವಿಗೆ ಅದು ಬೇರೆಯೇ ಆಗಿ ಬೀಳುತ್ತದೆ: ನಾನು ಹೇಳಿದರೆ ಅಪ್ಪ ಕೊಲೆ ಮಾಡುತ್ತಾನೆ, ಅಪ್ಪ ಜೈಲಿಗೆ ಹೋಗುತ್ತಾನೆ, ಅಮ್ಮ ಅಳುತ್ತಾಳೆ. ಮನೆಯನ್ನು ಉಳಿಸಲು ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ಮಕ್ಕಳು ನಮ್ಮನ್ನು ಕಾಪಾಡುತ್ತಾರೆ, ನಮಗೆ ಗೊತ್ತೇ ಆಗದ ಹಾಗೆ. ‘ಏನೇ ಆದರೂ ನನಗೆ ಹೇಳು, ನಾನು ಕೂಗಾಡುವುದಿಲ್ಲ, ಇಬ್ಬರೂ ಸೇರಿ ನೋಡೋಣ’ ಎನ್ನುವ ಅಪ್ಪನ ಬಳಿ ಮಗು ಬಂದು ಹೇಳುವ ಸಂಭವ ಹೆಚ್ಚು. ಈ ಮಾತಿಗೆ ಬೆಲೆ ಬರುವುದು ಸಣ್ಣ ವಿಷಯಗಳಲ್ಲಿ. ನೀರಿನ ಬಾಟಲಿ ಕಳೆದುಕೊಂಡು ಬಂದಾಗ, ಗಣಿತದಲ್ಲಿ ಆರು ಅಂಕ ತಂದಾಗ ಮನೆ ಅದುರುವಂತೆ ಕೂಗಾಡಿದರೆ ದೊಡ್ಡ ವಿಷಯ ನಮ್ಮ ತನಕ ಬರುವುದೇ ಇಲ್ಲ.

ಸರಿ, ಒಂದು ದಿನ ಮಗು ಹೇಳಿತು ಎಂದುಕೊಳ್ಳಿ. ಸಾಮಾನ್ಯವಾಗಿ ನಾವು ಕೂತು ಕೇಳಲು ಸಿದ್ಧರಿರುವ ಹೊತ್ತಿನಲ್ಲಿ ಹೇಳುವುದಿಲ್ಲ. ಜಡೆ ಹಾಕಿಸಿಕೊಳ್ಳುವಾಗ, ಸ್ಕೂಟರಿನ ಹಿಂದೆ ಕೂತಾಗ, ದೀಪ ಆರಿಸಿದ ಮೇಲೆ, ನಮ್ಮ ಮುಖ ನೋಡಬೇಕಾಗದ ಹೊತ್ತಿನಲ್ಲಿ ಒಂದು ತುಂಡು ಮಾತು ಬರುತ್ತದೆ. ಆ ತುಂಡಿಗೆ ನಾವು ಹೇಗೆ ಸ್ಪಂದಿಸಿದೆವು ಎಂದು ನೋಡಿಯೇ ಮುಂದಿನ ತುಂಡು. ‘ಅಯ್ಯೋ ದೇವರೇ’ ಎಂದು ಎದೆ ಬಡಿದುಕೊಂಡರೆ, ‘ಸುಳ್ಳು ಹೇಳಬೇಡ, ಅವರು ಅಂಥವರಲ್ಲ’ ಎಂದರೆ, ‘ನೀನ್ಯಾಕೆ ಅಲ್ಲಿಗೆ ಹೋದೆ’ ಎಂದು ಕೇಳಿದರೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಎಷ್ಟೇ ಕುದಿಯುತ್ತಿದ್ದರೂ ಜಡೆ ಹೆಣೆಯುತ್ತಲೇ ಹೇಳಬೇಕಾದ ಮಾತು ಇಷ್ಟೇ: ‘ಹೇಳಿದ್ದು ಒಳ್ಳೇದಾಯ್ತು ಕಂದ. ನಾನು ನಂಬ್ತೀನಿ. ನಿನ್ನದೇನೂ ತಪ್ಪಿಲ್ಲ.’ ಹತ್ತು ಪ್ರಶ್ನೆ ಕೇಳಬಾರದು. ಚಿಕ್ಕಮ್ಮನೆದುರು, ಅಜ್ಜಿಯೆದುರು, ಪಕ್ಕದ ಮನೆಯವರೆದುರು ಮತ್ತೆ ಹೇಳಿಸಬಾರದು. ‘ಅವರು ಹೀಗೆ ಮಾಡಿದ್ರಾ, ಹಾಗೆ ಮಾಡಿದ್ರಾ’ ಎಂದು ಮಾತು ಬಾಯಿಗೆ ತುರುಕಬಾರದು. ಅದರಿಂದ ಮಗುವೂ ನಲುಗುತ್ತದೆ, ಮುಂದೆ ನ್ಯಾಯಾಲಯದಲ್ಲಿ ‘ಹೇಳಿಕೊಟ್ಟ ಮಾತು’ ಎಂಬ ವಾದಕ್ಕೂ ಅದು ಆಸ್ಪದವಾಗುತ್ತದೆ. ಮಗು ಮಲಗಿದ ಮೇಲೆ, ಅದು ಹೇಳಿದ್ದನ್ನು ಅದರದೇ ಪದಗಳಲ್ಲಿ ತಾರೀಕು ಹಾಕಿ ಬರೆದಿಡಿ. ಯಾರಿಗೂ ಹೇಳುವುದಿಲ್ಲ ಎಂದು ಆಣೆ ಮಾತ್ರ ಇಡಬೇಡಿ. ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ ಎನ್ನಿ.

ಮಾತಾಗಿ ಬಾರದೆ ಮೈಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಬಹುದು. ನಿದ್ದೆಯಲ್ಲಿ ಬೆಚ್ಚಬಹುದು. ಚಟುವಟಿಕೆಯ ಮಗು ಮೂಲೆ ಸೇರಬಹುದು. ವಯಸ್ಸಿಗೆ ಮೀರಿದ ಲೈಂಗಿಕ ಮಾತು, ಆಟ ಬರಬಹುದು. ಇವುಗಳಲ್ಲಿ ಯಾವುದೇ ಒಂದನ್ನು ಹಿಡಿದು ಇದೇ ಕಾರಣ ಎನ್ನಲಾಗದು. ತಮ್ಮ ಹುಟ್ಟಿದರೂ ಹಾಸಿಗೆ ಒದ್ದೆಯಾಗುತ್ತದೆ. ಆದರೆ ಒಬ್ಬ ವ್ಯಕ್ತಿಯನ್ನೋ ಒಂದು ಜಾಗವನ್ನೋ ಮಗು ದಿಢೀರನೆ ದೂರ ಮಾಡತೊಡಗಿದರೆ ಕಾರಣ ಗೊತ್ತಾಗುವ ತನಕ ಅಲ್ಲಿಗೆ ಕಳಿಸದೇ ಇರುವುದರಿಂದ ಯಾರಿಗೂ ನಷ್ಟವಿಲ್ಲ. ಮಾತು ಬಾರದ, ಕಿವಿ ಕೇಳದ, ಬುದ್ಧಿ ಬೆಳವಣಿಗೆ ನಿಧಾನವಾದ ಮಕ್ಕಳ ವಿಷಯದಲ್ಲಿ ಈ ಎಚ್ಚರ ಎರಡು ಪಟ್ಟು ಬೇಕು. ಹೇಳಲಾರರು ಎಂಬ ಧೈರ್ಯದಿಂದಲೇ ಅವರ ಮೇಲೆ ಕೈ ಹಾಕುವವರಿದ್ದಾರೆ.

ಕಾನೂನಿನ ಬಗ್ಗೆ ನಮ್ಮವರಿಗೆ ಇರುವ ಭಯ ದೊಡ್ಡದು. ಠಾಣೆ ಮೆಟ್ಟಿಲು ಹತ್ತಿದರೆ ಮಗುವಿನ ಬಾಳು ಬೀದಿಗೆ ಬರುತ್ತದೆ ಎಂಬ ಭಯ. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ ಜಾರಿಗೆ ಬಂದದ್ದು 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನ. 18 ವರ್ಷದೊಳಗಿನ ಎಲ್ಲರೂ, ಗಂಡಾಗಲಿ ಹೆಣ್ಣಾಗಲಿ, ಅದರ ಕಣ್ಣಲ್ಲಿ ಮಕ್ಕಳೇ. ಆ ಕಾಯ್ದೆಯನ್ನು ಓದುತ್ತ ಹೋದರೆ, ಮಗುವಿನ ಭಯ ಗೊತ್ತಿದ್ದವರೇ ಬರೆದಿದ್ದಾರೆ ಅನ್ನಿಸುತ್ತದೆ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸುವ ಜಾಗದಲ್ಲೋ ಪಡೆಯಬೇಕು. ಆದಷ್ಟು ಮಟ್ಟಿಗೆ ಸಬ್‌ಇನ್‌ಸ್ಪೆಕ್ಟರ್ ದರ್ಜೆಗೆ ಕಡಿಮೆಯಿಲ್ಲದ ಮಹಿಳಾ ಅಧಿಕಾರಿಯೇ ಪಡೆಯಬೇಕು, ಅದೂ ಸಮವಸ್ತ್ರದಲ್ಲಿ ಅಲ್ಲ. ರಾತ್ರಿ ಹೊತ್ತು ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ. ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ಪರೀಕ್ಷಿಸಬೇಕು, ತಂದೆಯೋ ತಾಯಿಯೋ ಮಗು ನಂಬುವ ಇನ್ಯಾರೋ ಜೊತೆಗಿರಬೇಕು. ಎಫ್‌ಐಆರ್ ಆಗಿರದಿದ್ದರೂ ಪರೀಕ್ಷೆ, ಚಿಕಿತ್ಸೆ ನಿರಾಕರಿಸುವಂತಿಲ್ಲ. ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ಕೊಡಬೇಕು. ನ್ಯಾಯಾಲಯದಲ್ಲಿ ಆರೋಪಿಯ ಮುಖ ಮಗುವಿಗೆ ಕಾಣಬಾರದು, ವಕೀಲರ ಪ್ರಶ್ನೆಗಳು ನ್ಯಾಯಾಧೀಶರ ಮೂಲಕವೇ ಮಗುವನ್ನು ತಲುಪಬೇಕು. ಮಗುವಿನ ಹೆಸರು, ಫೋಟೊ, ಶಾಲೆ, ಬೀದಿ ಯಾವುದನ್ನೂ ಮಾಧ್ಯಮ ಪ್ರಕಟಿಸುವಂತಿಲ್ಲ. ಇದೆಲ್ಲ ಎಲ್ಲ ಠಾಣೆಯಲ್ಲೂ ಎಲ್ಲ ನ್ಯಾಯಾಲಯದಲ್ಲೂ ಹೀಗೇ ನಡೆಯುತ್ತಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕೆನ್ನುವ ಮಾತೂ ಕಾಯ್ದೆಯಲ್ಲಿದೆ, ಎಷ್ಟೋ ಪ್ರಕರಣಗಳು ಅದನ್ನು ಮೀರಿ ಎಳೆದಾಡುತ್ತವೆ. ಹಾಗಾಗಿಯೇ ಇವು ನಮಗೆ ಗೊತ್ತಿರಬೇಕು, ಗೊತ್ತಿದ್ದವರು ಮಾತ್ರ ಗಟ್ಟಿಯಾಗಿ ಕೇಳಬಲ್ಲರು.

ಮುಟ್ಟಿದರಷ್ಟೇ ಅಪರಾಧ ಎಂದೂ ತಿಳಿಯಬೇಡಿ. ಲೈಂಗಿಕ ಉದ್ದೇಶದಿಂದ ಮಗುವಿಗೆ ಅಶ್ಲೀಲ ಚಿತ್ರ ತೋರಿಸುವುದು, ಹಿಂಬಾಲಿಸುವುದು, ಫೋನಿನಲ್ಲಿ ಸತಾಯಿಸುವುದು ಕೂಡ ಅದೇ ಕಾಯ್ದೆಯಡಿ ಬರುತ್ತವೆ. ಬಟ್ಟೆಯ ಮೇಲಿಂದ ಮುಟ್ಟಿದರೆ ಲೈಂಗಿಕ ಹಲ್ಲೆಯಾಗದು ಎಂದು 2021ರಲ್ಲಿ ಬಾಂಬೆ ಹೈಕೋರ್ಟಿನ ನಾಗಪುರ ಪೀಠ ಹೇಳಿದ್ದು ನೆನಪಿರಬಹುದು. ಅದೇ ವರ್ಷ ನವೆಂಬರ್ 18ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಚರ್ಮಕ್ಕೆ ಚರ್ಮ ತಗುಲಿತೇ ಎನ್ನುವುದಲ್ಲ, ಉದ್ದೇಶ ಮುಖ್ಯ ಎಂದಿತು.

ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಇಂಥ ಅಪರಾಧ ನಡೆದಿದೆ ಎಂದು ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು ಕರ್ತವ್ಯ. ತಿಳಿಸದ ದೊಡ್ಡವರಿಗೆ ಆರು ತಿಂಗಳವರೆಗೆ ಜೈಲು ಅಥವಾ ದಂಡ ಆಗಬಹುದು, ಶಾಲೆ, ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಇನ್ನೂ ಹೆಚ್ಚು. ಹೇಳದೇ ಇದ್ದ ಮಗುವಿಗೆ ಮಾತ್ರ ಶಿಕ್ಷೆಯಿಲ್ಲ. ನಿಜವೆಂದು ನಂಬಿ ತಿಳಿಸಿದವರ ಮೇಲೂ ಕ್ರಮವಿಲ್ಲ. ನೆರವಿಗೆ 1098 ಮಕ್ಕಳ ಸಹಾಯವಾಣಿ ಇದೆ, ಹಗಲುರಾತ್ರಿ, ಉಚಿತವಾಗಿ. ತುರ್ತಿದ್ದರೆ 112. ಯಾವ ಠಾಣೆಯ ವ್ಯಾಪ್ತಿ ಎಂದು ನೋಡದೆ ಹತ್ತಿರದ ಠಾಣೆಯಲ್ಲೇ ದೂರು ಕೊಡಬಹುದು. ಘಟನೆ ಆಗಷ್ಟೇ ನಡೆದಿದ್ದರೆ ಮಗುವಿಗೆ ಸ್ನಾನ ಮಾಡಿಸದೆ, ಬಟ್ಟೆ ಒಗೆಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಸೋಂಕು ತಡೆಯುವ ಕೆಲವು ಔಷಧಿಗಳನ್ನು 72 ಗಂಟೆಯೊಳಗೆ ಶುರು ಮಾಡಬೇಕಾಗುತ್ತದೆ. ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಮಗುವಿಗೆ ಒಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಿಕೊಡುತ್ತದೆ. ಆಸ್ಪತ್ರೆ, ಠಾಣೆ, ಕೋರ್ಟು ಎಂದು ಅಲೆಯುವಾಗ ಜೊತೆಗಿರುವವರು ಅವರು. ಅವರನ್ನು ಕೇಳಿ ಪಡೆಯಿರಿ.

ಫೋನಿನ ವಿಷಯ ಬೇರೆಯೇ ಬರೆಯಬೇಕಾದಷ್ಟಿದೆ. ಇಲ್ಲಿ ಇಷ್ಟು ಸಾಕು: ಆಟದ ಆ್ಯಪಿನಲ್ಲಿ ಸಿಕ್ಕ ‘ಗೆಳೆಯ’ ಫೋಟೊ ಕೇಳುತ್ತಾನೆ, ಕೊಟ್ಟ ಮೇಲೆ ಹೆದರಿಸುತ್ತಾನೆ. ಆಗ ಮಗುವಿನ ಮೊದಲ ಭಯ, ‘ಅಮ್ಮ ಫೋನ್ ಕಿತ್ಕೋತಾರೆ.’ ಹೇಳಿದರೂ ಫೋನ್ ಕಿತ್ತುಕೊಳ್ಳುವುದಿಲ್ಲ ಎಂದು ಮೊದಲೇ ಮಾತು ಕೊಟ್ಟಿರಿ.

ಕಡೆಗೆ ಎಲ್ಲ ಬಂದು ನಿಲ್ಲುವುದು ಮನೆಯ ಮಾನದ ಬಳಿ. ಅಣ್ಣನ ಮಗ, ಅತ್ತೆಯ ತಮ್ಮ, ಹತ್ತಿರದ ಸಂಬಂಧ. ‘ಆದದ್ದು ಆಯ್ತು, ಹೊರಗೆ ಗೊತ್ತಾಗೋದು ಬೇಡ, ಇನ್ನು ಮೇಲೆ ಅವನನ್ನು ಮನೆಗೆ ಸೇರಿಸಲ್ಲ’ ಎಂದು ಹಿರಿಯರು ಕೂತು ತೀರ್ಮಾನಿಸುತ್ತಾರೆ. ಎರಡು ವರ್ಷ ಕಳೆದ ಮೇಲೆ ಮದುವೆಯೊಂದರ ಪಂಕ್ತಿಯಲ್ಲಿ ಆತ ಮತ್ತೆ ಎದುರು ಸಾಲಿನಲ್ಲಿ ಕೂತಿರುತ್ತಾನೆ. ಆ ಮಗು ಎಲೆಯ ಮುಂದೆ ತಲೆ ತಗ್ಗಿಸಿ ಕೂತಿರುತ್ತದೆ. ಯಾರ ಮಾನ ಉಳಿಯಿತು? ತಪ್ಪು ಮಾಡಿದವನ ಮಾನವನ್ನು ಮಗುವಿನ ಹೆಗಲ ಮೇಲೆ ಹೊರಿಸುವ ಈ ಲೆಕ್ಕಾಚಾರವನ್ನು ನಾನು ಎಷ್ಟು ವಿಧದಲ್ಲಿ ಯೋಚಿಸಿದರೂ ಒಪ್ಪಲಾರೆ. ಅವನು ಇನ್ನೊಂದು ಮನೆಯ ಮಗುವಿನ ಬಳಿಗೂ ಹೋಗಬಹುದು ಎಂಬುದನ್ನಾದರೂ ಆ ಹಿರಿಯರು ನೆನೆಯಬೇಕು.

ನನ್ನ ಗೆಳತಿಯ ತಾಯಿ ಈಗಿಲ್ಲ. ಅವರಿಗೆ ಕೊನೆಯವರೆಗೂ ಈ ವಿಷಯ ಗೊತ್ತಾಗಲಿಲ್ಲ. ಅವರ ಮೇಲೆ ಇವಳಿಗೆ ಕೋಪವೂ ಇಲ್ಲ. ‘ಅಮ್ಮನಿಗೆ ನಲವತ್ತು ಜನರ ಅಡುಗೆ, ಬಾಣಂತಿ ಅಕ್ಕ, ಮಳೆಗೆ ಮುಂಚೆ ಮುಗಿಸಬೇಕಾದ ಹಪ್ಪಳ ಸಂಡಿಗೆ, ಪಾಪ, ಅವಳಿಗೆ ಹೊಳೆಯಲಿಲ್ಲ’ ಎಂದಳು. ಆ ರಾತ್ರಿ ಅಮ್ಮ ಏನು ಹೇಳಿದ್ದರೆ ಸರಿಹೋಗುತ್ತಿತ್ತು ಎಂದು ಕೇಳಿದೆ. ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ಯೋಚಿಸಿದಳು.

‘ಏನೂ ಕೇಳಬೇಕಾಗಿರಲಿಲ್ಲ. ಹಿಟ್ಟು ಮುಗಿಯುವವರೆಗೆ ಇಲ್ಲೇ ಕೂತಿರು, ಆಮೇಲೆ ನನ್ನ ಪಕ್ಕ ಮಲಗು ಅಂದಿದ್ದರೆ, ಮಲಗಿದ ಮೇಲೆ ನಾನೇ ಹೇಳುತ್ತಿದ್ದೆ.’